ಎಣ್ಣೆ ಡಬ್ಬಿಯ ಮೇಲಿನ ಸುಂಕ: ಯಾರಿಗೆ ಲಾಭ, ಯಾರಿಗೆ ಭಾರ?



2024ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಕಚ್ಚಾ ತಾಳೆ, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಯ ಆಮದು ಸುಂಕವನ್ನು ಸೆಸ್ಸು ಎಲ್ಲ ಸೇರಿ ಶೇ. 5.5ರಿಂದ ಶೇ. 27.5ಕ್ಕೆ ಏರಿಸಿತು. ಶುದ್ಧೀಕರಿಸಿದ ಎಣ್ಣೆಗೆ ಶೇ. 13.75 ಇದ್ದದ್ದು ಶೇ. 35.75 ಆಯಿತು. ಗಣೇಶೋತ್ಸವ ಇನ್ನೂ ಮುಗಿದಿರಲಿಲ್ಲ, ದಸರಾ ದೀಪಾವಳಿಯ ಆರ್ಡರುಗಳು ಮುಂದಿದ್ದವು. ಪ್ಲೇಟಿನ ದರ ಮೊದಲೇ ಒಪ್ಪಿಕೊಂಡವರು ಪೇಚಿಗೆ ಸಿಲುಕುವುದು ಇಂಥ ಹೊತ್ತಿನಲ್ಲೇ.

ಇದರ ಭಾರ ಎಷ್ಟು ಎಂದು ಒಂದು ಅಂದಾಜು ಲೆಕ್ಕ ಹಾಕೋಣ. ಬಂದರಿಗೆ ಬಂದು ಬಿದ್ದಾಗ ಎಣ್ಣೆ ಕಿಲೋಗೆ 100 ರೂಪಾಯಿ ಎಂದಿಟ್ಟುಕೊಂಡರೆ ಸುಂಕದ ವ್ಯತ್ಯಾಸವೇ 22 ರೂಪಾಯಿ. 15 ಕಿಲೋ ಡಬ್ಬಿಗೆ 330. ಒಂದು ಸಾವಿರ ಊಟದ ಮದುವೆಗೆ ನಾಲ್ಕು ಡಬ್ಬಿ ಹೋದರೆ ಪ್ಲೇಟಿಗೆ ಒಂದೂಕಾಲು ರೂಪಾಯಿ ಚಿಲ್ಲರೆ. ಇಷ್ಟೇನಾ ಎನ್ನಬಹುದು. ಆದರೆ ವಡೆ, ಭಜಿ, ಫರಸಾಣ ಕರಿಯುವ ಅಡುಗೆಮನೆಯಲ್ಲಿ ದಿನಕ್ಕೆ ಎರಡು ಡಬ್ಬಿ ಖರ್ಚಾದರೆ ತಿಂಗಳಿಗೆ 19,800 ರೂಪಾಯಿ ಹೆಚ್ಚುವರಿ. ಅದು ಒಬ್ಬ ಕೆಲಸದ ಹುಡುಗನ ಸಂಬಳ.

ಹಾಗಾದರೆ ಸರ್ಕಾರ ಸುಂಕ ಹಾಕುವುದೇಕೆ? ನಮ್ಮ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ತಾಳೆ ಎಣ್ಣೆ ಮುಖ್ಯವಾಗಿ ಇಂಡೋನೇಷ್ಯಾ, ಮಲೇಷ್ಯಾದಿಂದ, ಸೋಯಾ ಅರ್ಜೆಂಟೀನಾ, ಬ್ರೆಜಿಲ್‌ನಿಂದ, ಸೂರ್ಯಕಾಂತಿ ರಷ್ಯಾ, ಉಕ್ರೇನ್‌ನಿಂದ. ಅಗ್ಗದ ಎಣ್ಣೆ ಹರಿದು ಬಂದರೆ ಮರಾಠವಾಡ, ವಿದರ್ಭ, ನಮ್ಮ ಬೀದರ್, ಬೆಳಗಾವಿ ಕಡೆಯ ಸೋಯಾ ರೈತ ಸೋಲುತ್ತಾನೆ. 1986ರಲ್ಲಿ ಎಣ್ಣೆಬೀಜ ಮಿಷನ್ ಆರಂಭವಾಗಿ, 90ರ ದಶಕದ ಆದಿಯಲ್ಲಿ ದೇಶ ಬಹುಮಟ್ಟಿಗೆ ಸ್ವಾವಲಂಬಿಯಾಗಿತ್ತು. 1994ರಿಂದ ಆಮದು ಸಡಿಲಿಸಿ ಮುಂದೆ ಸುಂಕ ಇಳಿಸುತ್ತ ಬಂದ ಮೇಲೆ ಆ ಸ್ವಾವಲಂಬನೆ ಉಳಿಯಲಿಲ್ಲ. ಪರರನ್ನು ನಂಬಿ ಕೂತರೆ ಏನಾಗುತ್ತದೆ ಎಂದು 2022ರ ಏಪ್ರಿಲ್ 28ರಂದು ನೋಡಿದೆವು. ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತನ್ನೇ ನಿಲ್ಲಿಸಿತು, ಮತ್ತೆ ಬಿಟ್ಟದ್ದು ಮೇ 23ಕ್ಕೆ. ಸುಂಕ ಬೇಕೆನ್ನುವವರ ವಾದದಲ್ಲಿ ತಿರುಳಿಲ್ಲ ಎನ್ನಲಾಗದು.

ಆದರೆ ಸುಂಕ ಹಾಕಿದೊಡನೆ ರೈತನ ಕೈಗೆ ಹಣ ಸೇರುತ್ತದೆಯೇ? 2024-25ಕ್ಕೆ ಸೋಯಾ ಬೆಂಬಲ ಬೆಲೆ ಕ್ವಿಂಟಾಲಿಗೆ 4,892 ರೂಪಾಯಿ. ಸುಂಕ ಏರಿದ ಮೇಲೂ ಆ ವರ್ಷದ ಕೊನೆಗೆ ಅನೇಕ ಮಾರುಕಟ್ಟೆಗಳಲ್ಲಿ ಬೆಲೆ ಅದಕ್ಕಿಂತ ಕೆಳಗೇ ಇತ್ತು. ಕಾರಣ ಸರಳ. ಸೋಯಾ ಕಾಳಿನಲ್ಲಿ ಎಣ್ಣೆ ಇರುವುದು ಸುಮಾರು ಶೇ. 18 ಮಾತ್ರ. ಉಳಿದದ್ದರಲ್ಲಿ ಬಹುಪಾಲು ಹಿಂಡಿ, ಆ ಹಿಂಡಿಗೆ ಬೆಲೆ ಇರಲಿಲ್ಲ. ಭಾರ ಹೊತ್ತವರು ನಾವು ಮತ್ತು ನಮ್ಮ ಗಿರಾಕಿಗಳು, ರೈತನಿಗೆ ಸಿಕ್ಕಿದ್ದು ಅದರ ಒಂದು ಪಾಲು. ಇನ್ನೊಂದು ತಮಾಷೆ ನೋಡಿ: ಸಾರ್ಕ್ ದೇಶಗಳ ಒಪ್ಪಂದದ ಪ್ರಕಾರ ನೇಪಾಳದ ಎಣ್ಣೆಗೆ ಸುಂಕವಿಲ್ಲ. ತಾಳೆ ಬೆಳೆಯದ ನೇಪಾಳದಿಂದ ಶುದ್ಧೀಕರಿಸಿದ ಎಣ್ಣೆ ಧಾರಾಳವಾಗಿ ಬರತೊಡಗಿತು! 2025ರ ಮೇ 30ರಂದು ಕಚ್ಚಾ ಎಣ್ಣೆಯ ಸುಂಕವನ್ನು ಶೇ. 16.5ಕ್ಕೆ ಇಳಿಸಲಾಯಿತು. ಶುದ್ಧೀಕರಿಸಿದ್ದನ್ನು ಹಾಗೆಯೇ ಬಿಟ್ಟದ್ದರಿಂದ ಇಲ್ಲಿನ ರಿಫೈನರಿಗಳಿಗೆ ರಕ್ಷಣೆ ಹೆಚ್ಚಿತು.

ಈ ವಾದವಿವಾದ ನಮ್ಮ ಕುರ್ಲಾಕ್ಕೆ ಹೊಸದಲ್ಲ. ಜೆಮ್‌ಶೆಟ್‌ಜಿ ಟಾಟಾ 1886ರಲ್ಲಿ ಇಲ್ಲಿನ ಧರಮ್‌ಸಿ ಮಿಲ್ಲನ್ನು ಕೊಂಡು ಅದಕ್ಕೆ ಸ್ವದೇಶಿ ಮಿಲ್ಸ್ ಎಂದು ಹೆಸರಿಟ್ಟರು. ಹತ್ತು ವರ್ಷದಲ್ಲಿ, 1896ರಲ್ಲಿ, ಬ್ರಿಟಿಷ್ ಸರ್ಕಾರ ಆಮದು ಬಟ್ಟೆಗೆ ಶೇ. 3.5 ಸುಂಕ ಹಾಕಿ, ಲ್ಯಾಂಕಶೈರ್‌ನವರಿಗೆ ನೋವಾಗಬಾರದೆಂದು ಇಲ್ಲಿನ ಗಿರಣಿ ಬಟ್ಟೆಯ ಮೇಲೂ ಅಷ್ಟೇ ಅಬಕಾರಿ ಸುಂಕ ಹೇರಿತು. ಅದು ಪೂರ್ತಿ ರದ್ದಾದದ್ದು 1926ರಲ್ಲಿ. ಮುಕ್ತ ವ್ಯಾಪಾರದ ಹೆಸರಿನಲ್ಲಿ ಬಲಾಢ್ಯನು ತನ್ನವರನ್ನೇ ರಕ್ಷಿಸಿಕೊಳ್ಳುವುದು ಹೀಗೆ.

ಅದೇ ಕುರ್ಲಾದಲ್ಲಿ ಇದರ ಇನ್ನೊಂದು ಮುಖವೂ ಇದೆ. ವಾಲಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್‌ನ ಕಾರ್ಖಾನೆ ಇದ್ದದ್ದು ಇಲ್ಲೇ. ಹೊರದೇಶದ ಕಾರು ಬಾರದಂತೆ ಬಾಗಿಲು ಮುಚ್ಚಿದ್ದರಿಂದ ಫಿಯೆಟ್, ಮುಂದೆ ಪದ್ಮಿನಿ, ಇಲ್ಲಿ ತಯಾರಾದವು. ಸಾವಿರಾರು ಕುಟುಂಬಗಳು ಬದುಕಿದವು, ಆ ಕಾರ್ಮಿಕರ ಚಹಾ ತಿಂಡಿಯ ಮೇಲೆ ನಮ್ಮವರ ಹೋಟೇಲುಗಳೂ ಬದುಕಿದವು. ಆದರೆ ಪೈಪೋಟಿ ಇಲ್ಲದ ಕಡೆ ಸುಧಾರಣೆಯೂ ಇರಲಿಲ್ಲ. ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. 60ರ ದಶಕದ ಗಾಡಿಯನ್ನೇ ಸಣ್ಣಪುಟ್ಟ ಬದಲಾವಣೆಯೊಂದಿಗೆ ದಶಕಗಳ ಕಾಲ ಮಾರಿದರು. 1983ರ ಡಿಸೆಂಬರಿನಲ್ಲಿ ಮಾರುತಿ ಬಂತು, 1991ರಲ್ಲಿ ಉದಾರೀಕರಣ ಬಂತು, 2000ದ ಹೊತ್ತಿಗೆ ಪದ್ಮಿನಿ ತಯಾರಿಕೆಯೇ ನಿಂತಿತು. ಕೊನೆಯ ಕಾಳಿ-ಪೀಲಿ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ಮುಂಬಯಿ ರಸ್ತೆಯಿಂದ ಇಳಿಯಿತು.

ಮಗುವಿಗೆ ನಡೆಯಲು ಕಲಿಸುವಾಗ ಕೈ ಹಿಡಿಯಬೇಕು, ಸರಿ. ಮಂಡ್ಯದ ಸಕ್ಕರೆ ಕಾರ್ಖಾನೆ ಹುಟ್ಟಿದ್ದು 1933ರಲ್ಲಿ, ಸಕ್ಕರೆಗೆ ರಕ್ಷಣಾ ಸುಂಕದ ಕಾಯ್ದೆ ಬಂದ ಮರು ವರ್ಷ. ದೇಶದಲ್ಲಿ ಮೂವತ್ತರ ಆಸುಪಾಸು ಇದ್ದ ಸಕ್ಕರೆ ಕಾರ್ಖಾನೆಗಳು ಕೆಲವೇ ವರ್ಷಗಳಲ್ಲಿ ನೂರು ದಾಟಿದವು, ಜಾವಾ ಸಕ್ಕರೆಯ ಆಟ ಮುಗಿಯಿತು. ಆದರೆ ನಲವತ್ತು ವರ್ಷದ ಮಗನ ಕೈ ಹಿಡಿದು ನಡೆಸುವುದು ಬೇರೆ ಮಾತು.

ಸುಂಕ ಬೇಡ ಎಂದು ನಾವು ಸುಲಭವಾಗಿ ಕೂಗುವಂತೆಯೂ ಇಲ್ಲ. ಕುರ್ಲಾ ಟರ್ಮಿನಸ್ಸಿನಿಂದ ಮತ್ಸ್ಯಗಂಧ ಹತ್ತಿ ಊರಿಗೆ ಹೋದರೆ ನಮ್ಮಲ್ಲಿ ಹಲವರದು ಅಡಿಕೆ ತೋಟ. 2023ರ ಫೆಬ್ರವರಿಯಲ್ಲಿ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದಾಗ ಊರಿನವರು ಸಂತೋಷಪಟ್ಟರು, ನಾವೂ ಪಟ್ಟೆವು. ಎಣ್ಣೆಗೆ ಒಂದು ನ್ಯಾಯ, ಅಡಿಕೆಗೆ ಇನ್ನೊಂದು ಎಂದರೆ ಯಾರು ಕೇಳುತ್ತಾರೆ? ಈರುಳ್ಳಿಯದೂ ಅಷ್ಟೆ. 2023ರ ಡಿಸೆಂಬರ್ 8ರಂದು ಈರುಳ್ಳಿ ರಫ್ತು ನಿಷೇಧವಾದಾಗ ನಮಗೆ ಅನುಕೂಲವಾಯಿತು, ನಾಸಿಕದ ರೈತ ಬೀದಿಗಿಳಿದ. 2024ರ ಮೇ ತಿಂಗಳವರೆಗೂ ಅವನು ಕಾಯಬೇಕಾಯಿತು. ಬಾಗಿಲು ಯಾವ ಕಡೆ ಮುಚ್ಚಿದರೂ ಒಬ್ಬನ ಬೆರಳು ಸಿಕ್ಕಿಕೊಳ್ಳುತ್ತದೆ.

ನಮ್ಮ ಅಭಿಪ್ರಾಯ ಇಷ್ಟು. ರೈತನಿಗೆ ರಕ್ಷಣೆ ಬೇಕಾದರೆ ಬೆಂಬಲ ಬೆಲೆಗೆ ಖರೀದಿಸಿ ನೇರ ಕೊಡಲಿ, ಅದರ ಖರ್ಚು ಬಜೆಟ್ಟಿನಲ್ಲಿ ಎಲ್ಲರಿಗೂ ಕಾಣುತ್ತದೆ. ಸುಂಕವೇ ಹಾಕುವುದಾದರೆ ಎಷ್ಟು ವರ್ಷಕ್ಕೆ ಎಂದು ಮೊದಲೇ ಹೇಳಲಿ, ರಾತ್ರೋರಾತ್ರಿ ಬೇಡ.

ಅಲ್ಲಿಯವರೆಗೆ ಸದಸ್ಯರು ಒಂದು ಕೆಲಸ ಮಾಡಬಹುದು. ಮೂರು ತಿಂಗಳು ಮುಂಚಿತವಾಗಿ ಕೊಡುವ ಕೊಟೇಶನ್‌ನಲ್ಲಿ ಅಂದಿನ ಎಣ್ಣೆ ಡಬ್ಬಿಯ ದರವನ್ನು ದಿನಾಂಕ ಸಹಿತ ಬರೆಯಿರಿ. ಶೇ. 10ಕ್ಕಿಂತ ಹೆಚ್ಚು ಏರಿದರೆ ವ್ಯತ್ಯಾಸ ಗಿರಾಕಿಯದ್ದು, ಅಷ್ಟೇ ಇಳಿದರೆ ಲಾಭವೂ ಗಿರಾಕಿಯದ್ದೇ ಎಂದು ಸೇರಿಸಿ. ಎರಡನೇ ಮಾತನ್ನು ಬಿಟ್ಟರೆ ಮೊದಲನೆಯದನ್ನು ಯಾರೂ ಒಪ್ಪುವುದಿಲ್ಲ.