ಕಲ್ಲಿನ ಧೂಳು: ಎಲ್ಲ ಕೆಮ್ಮೂ ಕ್ಷಯವಲ್ಲ

ಶಿರಹಟ್ಟಿ, ಮುಂಡರಗಿ ಭಾಗದ ಕಲ್ಲು ಕ್ವಾರಿ, ಜಲ್ಲಿ ಕ್ರಷರ್‌ಗಳಲ್ಲಿ ದುಡಿಯುವವರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದಾರೆಯೇ? ಅವರಿಗೆ ಬಹುದಿನಗಳಿಂದ ಒಣ ಕೆಮ್ಮು, ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತಿದ್ದರೆ ಈ ಲೇಖನವನ್ನು ಅವರಿಗೂ ಓದಿ ಹೇಳಿ.

ಕಲ್ಲು ಕೊರೆಯುವಾಗ, ಒಡೆಯುವಾಗ ಸಿಲಿಕಾ ಎಂಬ ಧೂಳು ಏಳುತ್ತದೆ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿ ಗಾಯದ ಕಲೆಗಳನ್ನು ಉಂಟುಮಾಡುತ್ತವೆ. ಮೃದುವಾದ ಶ್ವಾಸಕೋಶ ಕ್ರಮೇಣ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ ಹತ್ತು ವರ್ಷ ದುಡಿದ ಮೇಲೆ ಕಾಣಿಸಿಕೊಳ್ಳುತ್ತದೆ. ಧೂಳು ವಿಪರೀತವಾಗಿದ್ದರೆ ಇನ್ನೂ ಬೇಗ.

ನಮ್ಮ ದೇಶದಲ್ಲಿ ಈ ರೋಗ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ. 1940ರ ದಶಕದ ತಪಾಸಣೆಯಲ್ಲಿ ಅಲ್ಲಿನ ಕಾರ್ಮಿಕರ ಪೈಕಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಇದು ಕಂಡುಬಂದಿತ್ತು. ಆ ಗಣಿ 2001ರಲ್ಲಿ ಮುಚ್ಚಿತು. ಆದರೆ ಕಲ್ಲು ಒಡೆಯುವ ಕಡೆಯಲ್ಲೆಲ್ಲ ರೋಗದ ಭಯ ಇದ್ದೇ ಇದೆ.

ಕೆಮ್ಮು, ದಮ್ಮು, ತೂಕ ಇಳಿಯುವುದು ಕ್ಷಯದಲ್ಲೂ ಉಂಟು. ಎಕ್ಸ್-ರೇಯಲ್ಲೂ ಎರಡೂ ಒಂದೇ ರೀತಿ ಕಾಣಬಹುದು. ಹೀಗಾಗಿ ಸಿಲಿಕೋಸಿಸ್ ಇದ್ದವರು ಕ್ಷಯದ ಮಾತ್ರೆ ನುಂಗಿ, ಗುಣವಾಯಿತೆಂದು ಮತ್ತೆ ಅದೇ ಧೂಳಿಗೆ ಮರಳುವುದುಂಟು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಆದ್ದರಿಂದ ಕಫ ಪರೀಕ್ಷೆ ತಪ್ಪಿಸಬೇಡಿ. ಕ್ಷಯದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ. ಆದರೆ ‘ನಾನು ಇಷ್ಟು ವರ್ಷ ಕ್ವಾರಿಯಲ್ಲಿ ಕೆಲಸ ಮಾಡಿದ್ದೇನೆ’ ಎಂದು ವೈದ್ಯರಿಗೆ ತಪ್ಪದೆ ಹೇಳಿ. ಗದಗದ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಿ. ಚೀಟಿ, ಎಕ್ಸ್-ರೇಗಳನ್ನು ಜೋಪಾನವಾಗಿಡಿ. ಕಾನೂನಿನಲ್ಲಿ ಇದು ಪರಿಹಾರ ಸಿಗುವ ವೃತ್ತಿರೋಗ. ಆಗ ಈ ಕಾಗದಗಳೇ ಆಧಾರ.

ಸಿಲಿಕೋಸಿಸನ್ನು ಪೂರ್ತಿ ಗುಣಪಡಿಸುವ ಔಷಧಿ ಇಲ್ಲ. ತಡೆಯುವುದೊಂದೇ ದಾರಿ. ಕೊರೆಯುವಲ್ಲಿ, ಒಡೆಯುವಲ್ಲಿ ನೀರು ಬಿಟ್ಟರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಇದು ಮಾಲೀಕರ ಹೊಣೆ, ಕೇಳಲು ಹಿಂಜರಿಯಬೇಡಿ. ಮುಖಕ್ಕೆ ಸುತ್ತಿದ ಟವೆಲ್ ಸಣ್ಣ ಕಣಗಳನ್ನು ತಡೆಯದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು. ಬೀಡಿ ಬಿಡಿ. ಧೂಳಿನ ಬಟ್ಟೆಯಲ್ಲೇ ಮನೆಗೆ ಬಂದು ಮಕ್ಕಳನ್ನು ಎತ್ತಿಕೊಳ್ಳಬೇಡಿ. ಆ ಬಟ್ಟೆಯನ್ನು ಕೊಡವದೆ ನೀರಿನಲ್ಲಿ ನೆನೆಹಾಕಿ.

ದಮ್ಮು ಬರುವ ತನಕ ಕಾಯಬೇಡಿ. ವರ್ಷಕ್ಕೊಮ್ಮೆ ಎದೆಯ ತಪಾಸಣೆ ಮಾಡಿಸಿಕೊಳ್ಳಿ. ರೋಗ ಬೇಗ ತಿಳಿದು ಧೂಳಿನಿಂದ ದೂರವಾದರೆ, ಉಳಿದಿರುವ ಉಸಿರನ್ನಾದರೂ ಕಾಪಾಡಿಕೊಳ್ಳಬಹುದು.