ಸೋರದೆಯೂ ಇಳಿಯುವ ಗಾಳಿ

ಕೆನಡಾದ ರಾಕಿ ಪರ್ವತಗಳ ಮಡಿಲಿನ ಒಂದು ಊರು. ರಾತ್ರಿ ಬೆಚ್ಚಗಿನ ಶೆಡ್ಡಿನಲ್ಲಿ ಸವಾರನೊಬ್ಬ ತನ್ನ ಸ್ನೋಮೊಬೈಲಿನ ಶಾಕ್ ಅಬ್ಸಾರ್ಬರಿಗೆ ಕೈಪಂಪಿನಿಂದ ಗಾಳಿ ತುಂಬುತ್ತಾನೆ. ಮಾಪಕದ ಮುಳ್ಳು 60ಕ್ಕೆ ಬಂತು. ಅಂದರೆ ಚದರ ಅಂಗುಲಕ್ಕೆ 60 ಪೌಂಡ್ ಒತ್ತಡ. ನೆಮ್ಮದಿಯಿಂದ ಮಲಗುತ್ತಾನೆ. ಬೆಳಿಗ್ಗೆ ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿ. ವಾಹನವನ್ನು ಅಂಗಳದಲ್ಲಿ ಗಂಟೆಗಟ್ಟಲೆ ನಿಲ್ಲಿಸಿ ಮತ್ತೆ ಅಳೆದರೆ ಮುಳ್ಳು 50ರ ಆಸುಪಾಸಿನಲ್ಲಿ! ಎಲ್ಲಿಯೂ ಸೋರಿಕೆಯಿಲ್ಲ. ಹಾಗಾದರೆ ಹತ್ತು ಪೌಂಡ್ ಒತ್ತಡ ಎಲ್ಲಿ ಹೋಯಿತು?

ಉತ್ತರಕ್ಕೆ ಮೊದಲು ವಾಹನದ ಪರಿಚಯ ಮಾಡಿಕೊಳ್ಳೋಣ. ಮುಂದೆ ಎರಡು ಸ್ಕೀ ಹಲಗೆಗಳು, ಹಿಂದೆ ಚಕ್ರದ ಬದಲು ಸುತ್ತುವ ಅಗಲವಾದ ರಬ್ಬರ್ ಪಟ್ಟಿ. ಇದೇ ಸ್ನೋಮೊಬೈಲ್. ಇದರ ಹಿಂದೆ ನೋವಿನ ಕಥೆಯೊಂದಿದೆ. 1934ರ ಚಳಿಗಾಲದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ ಎಂಬ ಮೆಕ್ಯಾನಿಕ್ ತನ್ನ ಪುಟ್ಟ ಮಗನನ್ನು ಕಳೆದುಕೊಂಡ. ದಾರಿಯೆಲ್ಲ ಹಿಮದಿಂದ ಮುಚ್ಚಿದ್ದರಿಂದ ಮಗುವನ್ನು ಆಸ್ಪತ್ರೆಗೆ ಒಯ್ಯಲಾಗಲಿಲ್ಲ. ಹಿಮದ ಮೇಲೆ ಓಡುವ ವಾಹನಕ್ಕಾಗಿ ಪಟ್ಟು ಹಿಡಿದು ದುಡಿದ ಆತನಿಗೆ 1937ರಲ್ಲಿ ಪೇಟೆಂಟ್ ದೊರೆಯಿತು. 1959ರಲ್ಲಿ ಆತನ ಪುಟ್ಟ ವಾಹನ 'ಸ್ಕೀ-ಡೂ' ಮಾರುಕಟ್ಟೆಗೆ ಬಂತು.

ಇದರ ಪರ್ವತ ಮಾದರಿಗೆ ಪಟ್ಟಿ ಉದ್ದ, ಮೈ ಹಗುರ. ಎದೆಮಟ್ಟದ ಪುಡಿಹಿಮದಲ್ಲಿ ಭಾರ ಹೆಚ್ಚಿದಷ್ಟೂ ಹೂತುಹೋಗುವ ಭಯ. ಆದ್ದರಿಂದಲೇ ಇಂತಹ ಹಲವು ವಾಹನಗಳಲ್ಲಿ ಉಕ್ಕಿನ ಸ್ಪ್ರಿಂಗಿನ ಜಾಗಕ್ಕೆ ಗಾಳಿ ಬಂದಿದೆ.

ಗಾಳಿ ಎಂಬ ಸ್ಪ್ರಿಂಗು

ಸೈಕಲ್ ಪಂಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ಹಿಡಿಕೆಯನ್ನು ಒತ್ತಿ ನೋಡಿ. ಮೊದಲು ಸುಲಭವಾಗಿ ಇಳಿಯುತ್ತದೆ, ಆಮೇಲೆ ಬಿಗಿಯಾಗುತ್ತದೆ. ಬಿಟ್ಟರೆ ಮೇಲಕ್ಕೆ ಪುಟಿಯುತ್ತದೆ. ತಾಪ ಬದಲಾಗದಿದ್ದರೆ, ಗಾತ್ರ ಅರ್ಧಕ್ಕಿಳಿದಾಗ ಒತ್ತಡ ಇಮ್ಮಡಿಸುತ್ತದೆ ಎಂಬ ಬಾಯ್ಲನ ನಿಯಮ ಇದೇ. ಏರ್ ಶಾಕ್ ಸಣ್ಣ ಉಬ್ಬುಗಳಿಗೆ ಮೃದುವಾಗಿ, ದೊಡ್ಡ ಹಾರಿಕೆಗೆ ಗಡುಸಾಗಿ ವರ್ತಿಸುವುದೂ ಇದರಿಂದಲೇ. ಪುಟಿಯುವಿಕೆಯನ್ನು ಹದಗೊಳಿಸುವ ಕೆಲಸ ಒಳಗಿರುವ ತೈಲದ್ದು. ಕರ್ನಾಟಕದ ಐರಾವತ ವೋಲ್ವೋ ಬಸ್ಸುಗಳ ಕೆಳಗೂ ಗಾಳಿಯ ಸ್ಪ್ರಿಂಗುಗಳಿವೆ. ಆದರೆ ಬಸ್ಸಿನಲ್ಲಿ ಕಂಪ್ರೆಸರ್ ತಾನೇ ಗಾಳಿ ತುಂಬುತ್ತಿರುತ್ತದೆ. ಸ್ನೋಮೊಬೈಲಿನ ಶಾಕಿಗೆ ಸವಾರನ ಕೈಯೇ ಗತಿ.

ಎರಡು ಕೂಡಿಕೆಗಳು

ಈಗ ಕಳೆದುಹೋದ ಹತ್ತು ಪೌಂಡಿನ ಲೆಕ್ಕ. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡ ತಾಪಕ್ಕೆ ಅನುಪಾತದಲ್ಲಿರುತ್ತದೆ. ಆದರೆ ಯಾವ ತಾಪ? ಶೆಡ್ಡಿನ 20, ಹೊರಗಿನ ಮೈನಸ್ 20 ಎಂಬ ಸೆಲ್ಸಿಯಸ್ ಅಂಕಿಗಳನ್ನೇ ಸೂತ್ರಕ್ಕೆ ಹಾಕಿದರೆ ಮೈನಸ್ 60 ಎಂಬ ಅಸಂಬದ್ಧ ಉತ್ತರ ಬರುತ್ತದೆ. 273 ಕೂಡಿಸಿ ಕೆಲ್ವಿನ್‌ಗೆ ತರಬೇಕು: 293 ಮತ್ತು 253.

ಎರಡನೆಯ ಕೂಡಿಕೆಯನ್ನು ಮರೆಯುವವರೇ ಹೆಚ್ಚು. ಮಾಪಕ ತೋರಿಸುವುದು ಹೊರಗಿನ ವಾಯುಭಾರಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಸಮುದ್ರಮಟ್ಟದ ವಾಯುಭಾರ 14.7 ಪೌಂಡನ್ನು ಸೇರಿಸಿದರೆ ನಿಜವಾದ ಒತ್ತಡ 74.7. ಅದನ್ನು 253ರಿಂದ ಗುಣಿಸಿ 293ರಿಂದ ಭಾಗಿಸಿದರೆ 64.5. ಮತ್ತೆ 14.7 ಕಳೆದರೆ 49.8. ಮಾಪಕ ಸುಳ್ಳು ಹೇಳಿರಲಿಲ್ಲ! ಒಂದು ಕಣ ಗಾಳಿಯೂ ಹೊರಹೋಗಿಲ್ಲ. ಅಣುಗಳ ಓಟ ನಿಧಾನವಾಗಿದೆ, ಅಷ್ಟೇ.

ಬೆಟ್ಟ ಏರಿದಾಗ ಇನ್ನೊಂದು ಸೋಜಿಗ. ಪ್ರತಿ ಸಾವಿರ ಮೀಟರಿಗೆ ಹೊರಗಿನ ವಾಯುಭಾರ ಸುಮಾರು ಒಂದೂವರೆ ಪೌಂಡ್ ಇಳಿಯುತ್ತದೆ. ಆದ್ದರಿಂದ ತಾಪ ಬದಲಾಗದಿದ್ದರೂ ಮಾಪಕದ ಅಂಕಿ ಅಷ್ಟೇ ಏರುತ್ತದೆ. ಚಳಿ ಕಿತ್ತುಕೊಂಡದ್ದರಲ್ಲಿ ಸ್ವಲ್ಪವನ್ನು ಎತ್ತರ ಹಿಂದಿರುಗಿಸುತ್ತದೆ.

ಹೊಂದಿಸುವ ಬಗೆ

ಈ ಹತ್ತು ಪೌಂಡ್ ಕ್ಷುಲ್ಲಕವಲ್ಲ. ಹಿಂಬದಿ ಅತಿಯಾಗಿ ಕುಸಿದರೆ ಮುಂದಿನ ಸ್ಕೀಗಳ ಮೇಲಿನ ಭಾರ ಕಡಿಮೆಯಾಗಿ ತಿರುಗಿಸುವುದು ಕಷ್ಟ. ಕಡಿದಾದ ಇಳಿಜಾರಿನಲ್ಲಿ ಅದು ಅಪಾಯ. ಶಾಕ್ ತಳ ಮುಟ್ಟಿ ಬಡಿದರೆ ಏಟು ಬೀಳುವುದು ಸವಾರನ ಬೆನ್ನುಮೂಳೆಗೆ. ಆದ್ದರಿಂದ ವಾಹನ ಹೊರಗಿನ ಚಳಿಗೆ ಹೊಂದಿಕೊಂಡ ಮೇಲೆಯೇ ಒತ್ತಡವನ್ನು ಹೊಂದಿಸಬೇಕು. ವಾಹನವನ್ನು ಎತ್ತಿ ನಿಲ್ಲಿಸಿ, ಶಾಕ್ ಪೂರ್ತಿ ಚಾಚಿಕೊಂಡಿರುವಾಗ ಅಳೆಯಬೇಕು. ಮುಂದಿನ ಎಡ ಬಲ ಶಾಕುಗಳ ಒತ್ತಡ ಒಂದೇ ಇರಬೇಕು. ಒಳಗಿನ ಜಾಗ ಚಿಕ್ಕದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಿಡಿದರೆ ಕ್ಷಣದಲ್ಲಿ ಮಿತಿ ಮೀರುತ್ತದೆ. ಇದಕ್ಕೆಂದೇ ಮಾಪಕವಿರುವ ಸಣ್ಣ ಕೈಪಂಪು ಬರುತ್ತದೆ. ಅದನ್ನು ಜೋಡಿಸಿದಾಗ ಸ್ವಲ್ಪ ಗಾಳಿ ಕೊಳವೆಗೆ ನುಗ್ಗುವುದರಿಂದ ಅಂಕಿ ಕೊಂಚ ಕಡಿಮೆ ಕಾಣುತ್ತದೆ. ಹೀಗಾಗಿ ಪದೇ ಪದೇ 'ಪರೀಕ್ಷಿಸುವುದು' ಕೂಡ ಒತ್ತಡ ಇಳಿಸುವ ಒಂದು ದಾರಿ!

ಕೈಪಿಡಿಯಲ್ಲಿ ಸವಾರನ ತೂಕಕ್ಕೆ ಹೇಳಿದ ಅಂಕಿಯಿಂದ ಶುರುಮಾಡಿ, ಒಮ್ಮೆಗೆ ಎರಡು ಮೂರು ಪೌಂಡಿನಷ್ಟೇ, ಒಂದೇ ಕಡೆ ಬದಲಿಸಿ ಓಡಿಸಿ ನೋಡಬೇಕು. ದಿನಾಂಕ, ತಾಪ, ಒತ್ತಡ ಮೂರನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಪ್ರಯೋಗಶಾಲೆಯ ಶಿಸ್ತೂ ಇದೇ ಅಲ್ಲವೇ?

ಆರೈಕೆ

ಶಾಕಿನ ಜಾರುವ ಭಾಗಕ್ಕೆ ಅಂಟಿದ ಮಂಜುಗಡ್ಡೆ, ಕೊಳೆ ರಬ್ಬರ್ ಸೀಲನ್ನು ಹರಿಯುತ್ತವೆ. ಸವಾರಿ ಮುಗಿದೊಡನೆ ಒರೆಸುವುದು ಒಳ್ಳೆಯದು. ತೊಳೆಯುವಾಗ ರಭಸದ ನೀರನ್ನು ಸೀಲಿನ ಮೇಲೆ ನೇರವಾಗಿ ಬಿಡಬಾರದು. ಒಂದೇ ತಾಪದಲ್ಲಿ ಅಳೆದರೂ ದಿನದಿಂದ ದಿನಕ್ಕೆ ಒತ್ತಡ ಇಳಿಯುತ್ತಿದ್ದರೆ ಮಾತ್ರ ಅದು ನಿಜವಾದ ಸೋರಿಕೆ. ಸೋಪಿನ ನೀರು ಸವರಿದರೆ ಗುಳ್ಳೆಗಳು ಜಾಗ ತೋರಿಸುತ್ತವೆ. ಗಾಳಿಯನ್ನು ಪೂರ್ತಿ ಬಿಡದೆ ಶಾಕನ್ನು ಬಿಚ್ಚುವುದು ಪ್ರಾಣಾಪಾಯ. ತೈಲದ ಜೊತೆಗಿನ ಸಾರಜನಕದ ಕೋಣೆಯನ್ನಂತೂ ತರಬೇತಿ ಪಡೆದ ಮೆಕ್ಯಾನಿಕ್ ಮಾತ್ರ ಮುಟ್ಟಬೇಕು.

ಬೆಟ್ಟದ ನೆತ್ತಿಯಲ್ಲಿ ಗ್ಯಾರೇಜು ಇರುವುದಿಲ್ಲ. ಕೆಳಗಿನ ಅಂಗಳದಲ್ಲಿ, ಚಳಿಯಲ್ಲಿ ನಿಂತು ಅಳೆದ ಹತ್ತು ನಿಮಿಷಗಳೇ ಮೇಲೆ ಕಾಯುತ್ತವೆ. ಪರೀಕ್ಷೆಯಲ್ಲಿ 273 ಕೂಡಿಸಲು ಮರೆತರೆ ಹೋಗುವುದು ಎರಡು ಅಂಕ. ಇಳಿಜಾರಿನಲ್ಲಿ ಮರೆತರೆ ತೆರಬೇಕಾದ ಬೆಲೆ ಬೇರೆಯೇ.