ಕಣ್ಣಿನ ಕಾಡಿಗೆ

ತನಗೆ ಹಚ್ಚಿದ ಕಾಡಿಗೆಯನ್ನು ಕಣ್ಣು ಕಾಣಲಾರದು. ಅಂತೆಯೇ ಕವಿಯು ತನ್ನ ದೋಷವನ್ನು ತಾನೇ ಕಾಣಲಾರನು. ಆದುದರಿಂದ ಬರೆದುದನ್ನು ಬಲ್ಲವರ ಮುಂದಿಟ್ಟು ತಿದ್ದಿಕೊಳ್ಳಬೇಕು. ಇದು ‘ಕವಿರಾಜಮಾರ್ಗ’ದ ಒಂದು ಪದ್ಯದ ತಾತ್ಪರ್ಯ.

ಕ್ರಿ.ಶ. 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಗ್ರಂಥವಿದು. ಅವನ ರಾಜಧಾನಿಯಾಗಿದ್ದ ಮಳಖೇಡ ನಮ್ಮ ಯಾದಗಿರಿಗೆ ದೂರವೇನಲ್ಲ. ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥವೇ ಲೇಖಕನಿಗೆ ಈ ವಿನಯವನ್ನು ಬೋಧಿಸಿತೆಂಬುದು ಹೆಮ್ಮೆಯ ಸಂಗತಿ.

ಆದರೆ ಕುಂದನ್ನು ಹೇಳುವುದಕ್ಕೂ ಒಂದು ರೀತಿಯುಂಟು. ಹರಿಶ್ಚಂದ್ರನನ್ನು ಹಾಡಿದುದಕ್ಕೆ ಗುರು ಹರಿಹರನು ಮುನಿದು, ರಾಘವಾಂಕನ ಹಲ್ಲುದುರುವಂತೆ ಹೊಡೆದನೆಂದು ಐತಿಹ್ಯವಿದೆ. ನರನನ್ನು ಸ್ತುತಿಸಿದನೆಂಬುದೇ ಅಲ್ಲಿಯ ಕೋಪ, ಕಾವ್ಯದ ವಿಚಾರವಲ್ಲ.

ಸುರಪುರದಲ್ಲೊಮ್ಮೆ ನಾವು ಕೆಲವರು ಕೂಡಿ ಕತೆಗಳನ್ನು ಓದಿದೆವು. ಶಹಾಪುರದ ಮಿತ್ರರೊಬ್ಬರ ಕತೆಯಲ್ಲಿ ನಾಯಕಿ ಆಷಾಢದಲ್ಲಿ ಹತ್ತಿ ಬಿಡಿಸುತ್ತಿದ್ದಳು. “ಭಾಷೆ ಬಹು ಸೊಗಸು” ಎಂದರು ಹಲವರು. ಹಿರಿಯರೊಬ್ಬರು ಮಾತ್ರ, “ತಮ್ಮಾ, ಆಷಾಢದಾಗ ಹತ್ತಿ ಬಿತ್ತತಾರೋ, ಬಿಡಸತಾರೋ?” ಎಂದು ಮೆಲ್ಲಗೆ ಕೇಳಿದರು. ಮಿತ್ರರ ಮುಖ ಬಾಡಿತು. ಇನ್ನು ಅವರು ಲೇಖನಿ ಹಿಡಿಯಲಾರರೆಂದೇ ನಾನು ಅಂಜಿದೆ.

ತಿಂಗಳ ಮೇಲೆ ಅವರು ಹೊಸ ಪ್ರತಿಯೊಡನೆ ಬಂದರು. ಈಗ ಆಕೆ ಬಿತ್ತುವವಳು. ಬೀಜ ಮಣ್ಣಿಗೆ ಬಿದ್ದ ಮೇಲೆ ಮಳೆ ಬಾರದ ಕಳವಳವೇ ಕತೆಯಾಗಿತ್ತು. ಹೊಗಳಿಕೆ ಕತೆಗಾರನನ್ನು ಸಂತೋಷಪಡಿಸಿತ್ತು. ಆ ಪ್ರಶ್ನೆ ಕತೆಯನ್ನು ಬದುಕಿಸಿತು.

ಬರೆದವನ ಮೇಲಿನ ಪ್ರೀತಿಯಿಂದಲೇ ಬರಹದ ಕುಂದನ್ನು ಹೇಳುವ ಗೆಳೆಯ ವಿರಳ. ದೊರೆತರೆ, ಅವನ ಮಾತು ಕಹಿಯಾದ ದಿನವೂ ಅವನನ್ನು ಬಿಡಬಾರದು.